ಮುಳ್ಳು ಹೇಳಿದ ಸುಳ್ಳು

ಕಳೆದ ತಿಂಗಳ ಮಾಸಿಕ ಕೂಟ ಮುಗಿದ ಮೇಲೆ, ಉಪ್ಪಿಟ್ಟು ಕಾಫಿಯ ಹೊತ್ತಿನಲ್ಲಿ, ನಮ್ಮ ಹಿರಿಯ ಸದಸ್ಯರೊಬ್ಬರು ಒಂದು ಮಾತು ಹೇಳಿದರು. ಹಳೆಯ ಪಿಕಪ್ ಗಾಡಿಯ ಡ್ಯಾಶ್‌ಬೋರ್ಡಿನ ಮೀಟರುಗಳನ್ನು ರಿಪೇರಿ ಮಾಡಿಸುವುದು ಶುದ್ಧ ಹಣದಂಡ. ಇಂಜಿನ್ ಓಡುತ್ತಿದೆಯಲ್ಲ, ಅಷ್ಟು ಸಾಕು. ತೀರಾ ಅಸಹ್ಯವಾಗಿ ಕಂಡರೆ ಗಾಜು ಉಜ್ಜಿಸಿ, ಮುಳ್ಳಿಗೆ ಬಣ್ಣ ಹಚ್ಚಿಸಿ, ಹೊಸ ಬಲ್ಬು ಹಾಕಿಸಿದರಾಯಿತು ಎಂದು. ಸುತ್ತ ನಿಂತಿದ್ದವರೆಲ್ಲ ತಲೆಯಾಡಿಸಿದರು. ಹಿರಿಯರ ಎದುರು ವಾದ ಬೇಡವೆಂದು ನಾನು ಸುಮ್ಮನಿದ್ದೆ. ಆದರೆ ಆ ಮಾತು ಅಂದಿನಿಂದ ನನ್ನನ್ನು ಕೊರೆಯುತ್ತಿದೆ. ಅವರ ಕ್ಷಮೆ ಬೇಡಿ, ಅಂದು ನುಂಗಿಕೊಂಡ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ನಾನು ಮೆಕ್ಯಾನಿಕ್ಕನಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಹಳೆಯ ಬಿ.ಎಸ್‌ಸಿ. ಪದವಿಯೊಂದು ಮನೆಯ ಗೋಡೆಯ ಮೇಲಿದೆ. ಆ ಪದವಿಯ ಬಲದಿಂದ ನಾನೊಮ್ಮೆ ಕೊಟ್ಟ ತೀರ್ಪೇ ಈ ಲೇಖನಕ್ಕೆ ಕಾರಣ.

ಸದರ್‌ನಲ್ಲಿ ವಾಸವಾಗಿರುವವರಿಗೆ ಗೊತ್ತು, ನಮ್ಮವರಲ್ಲಿ ಎಲ್ಲರೂ ಕಚೇರಿ, ಬ್ಯಾಂಕು, ರೈಲ್ವೆಗಳಲ್ಲಿ ಕುರ್ಚಿ ಹಿಡಿದವರಲ್ಲ. ತಿಂಡಿ ಮಾಡಿ ಕ್ಯಾಂಟೀನುಗಳಿಗೆ ಕೊಡುವವರು, ಮದುವೆ ಅಡುಗೆಯ ಗುತ್ತಿಗೆ ಹಿಡಿಯುವವರು, ಹಪ್ಪಳ ಉಪ್ಪಿನಕಾಯಿ ವ್ಯಾಪಾರದವರು ಇದ್ದಾರೆ. ಇಂಥ ಮನೆಗಳಲ್ಲಿ ಒಂದು ಹಳೆಯ ಪಿಕಪ್ ಇದ್ದೇ ಇರುತ್ತದೆ. ಅದು ಆ ಮನೆಯ ದುಡಿಯುವ ಎತ್ತು. ಅದನ್ನು ನಂಬಿ ಮಕ್ಕಳ ಫೀಸು, ಮಗಳ ಮದುವೆ, ಊರಿನಲ್ಲಿರುವ ತಂದೆ ತಾಯಿಯರ ಔಷಧಿ ಎಲ್ಲವೂ ನಡೆಯುತ್ತವೆ.

ನನ್ನ ಸ್ನೇಹಿತರೊಬ್ಬರು ಅಂಥವರು. ಕರಾವಳಿಯ ಕಡೆಯವರು. ಹಿಂಗಣಾ, ಬುಟಿಬೋರಿಗಳ ಕಾರ್ಖಾನೆ ಕ್ಯಾಂಟೀನುಗಳಿಗೆ ಬೆಳಗಿನ ಇಡ್ಲಿ ವಡೆ ಒಯ್ಯುವ ವ್ಯಾಪಾರ. ೧೯೯೯ರ ಮಾದರಿಯ ಡೀಸೆಲ್ ಪಿಕಪ್. ಅದನ್ನು ಓಡಿಸಲು ಆಳಂದದ ಕಡೆಯ ಒಬ್ಬ ಹುಡುಗನಿದ್ದ. ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸು. ರಾತ್ರಿ ಗಾಡಿಯಲ್ಲೇ ಮಲಗುತ್ತಿದ್ದ.

೨೦೧೭ರ ಬೇಸಿಗೆಯಲ್ಲಿ ಸ್ನೇಹಿತರಿಗೆ ಒಂದು ಸಂಶಯ ಹುಟ್ಟಿತು. ಸಂಜೆ ಗಾಡಿ ಬಂದು ನಿಲ್ಲುವಾಗ ಡೀಸೆಲ್ ಮುಳ್ಳು ಮುಕ್ಕಾಲಿನ ಹತ್ತಿರ ಇರುತ್ತದೆ. ಬೆಳಗ್ಗೆ ನಾಲ್ಕಕ್ಕೆ ಅವರೇ ಹೋಗಿ ಕೀಲಿ ತಿರುಗಿಸಿ ನೋಡಿದರೆ ಅರ್ಧಕ್ಕೆ ಇಳಿದಿರುತ್ತದೆ. ನಾಲ್ಕು ದಿನ ನೋಡಿದರು, ನಾಲ್ಕು ದಿನವೂ ಹಾಗೆಯೇ. ರಾತ್ರಿ ಗಾಡಿಯಲ್ಲಿ ಮಲಗುವವನು ಒಬ್ಬನೇ. ಇನ್ನೇನು ಬೇಕು? ನನ್ನನ್ನು ಕರೆದರು. “ನೀವು ಸಾಯನ್ಸ್ ಓದಿದವರು ಮಾರಾಯ್ರೆ, ನೀವೇ ಹೇಳಿ, ನಿಂತ ಗಾಡಿ ಡೀಸೆಲ್ ಕುಡಿಯುತ್ತದೆಯೇ?” ಎಂದರು.

ನಾನು ನೋಡಿದೆ. ಹುಡುಗನನ್ನು ಕೇಳಿದೆ. ಅವನು ಹೇಳಿದ್ದು ಇಷ್ಟೇ: “ಗಾಡಿ ಚಾಲೂ ಮಾಡಿದ್ರ ಎಲ್ಲಾ ಮುಳ್ಳೂ ಮ್ಯಾಲೇರ್ತಾವ್ರೀ ಸಾಹೇಬ್ರ. ಕಾವಿಂದೂ ಏರ್ತದ. ಬಂದ್ ಮಾಡಿದ್ರ ಇಳೀತಾವ. ನಾ ಡೀಜಲ್ ಮುಟ್ಟಿಲ್ರೀ.” ನಾನು ನಕ್ಕುಬಿಟ್ಟೆ. ಮುಳ್ಳಿಗೇನು ದ್ವೇಷವೇ, ಅದೇಕೆ ಸುಳ್ಳು ಹೇಳೀತು ಎಂದೆ. ಆ ತಿಂಗಳ ಸಂಬಳದಲ್ಲಿ ಡೀಸೆಲ್ಲಿನ ಲೆಕ್ಕ ಹಿಡಿದುಕೊಂಡು ಹುಡುಗನನ್ನು ಊರಿಗೆ ಕಳಿಸಲಾಯಿತು.

ಹೊಸ ಚಾಲಕ ಬಂದ. ಅವನು ಗಾಡಿಯಲ್ಲಿ ಮಲಗುತ್ತಿರಲಿಲ್ಲ. ಕೀಲಿ ಸ್ನೇಹಿತರ ಮನೆಯಲ್ಲೇ ಇರುತ್ತಿತ್ತು, ಟ್ಯಾಂಕಿನ ಮುಚ್ಚಳಕ್ಕೂ ಬೀಗ ಬಿತ್ತು. ಆದರೂ ಮುಳ್ಳು ರಾತ್ರಿಯಿಡೀ ಇಳಿಯುತ್ತಲೇ ಇತ್ತು. ಆಗ ಮಾತ್ರ ನಮಗೆ ಮೀಟರನ್ನು ತೋರಿಸಬೇಕೆಂಬ ಬುದ್ಧಿ ಬಂತು. ಸದರ್‌ನ ಒಂದು ಗಲ್ಲಿಯಲ್ಲಿ, ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲದ ಅಂಗಡಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಡ್ಯಾಶ್‌ಬೋರ್ಡಿನ ಹಿಂದೆ ಕೈಹಾಕಿ, ಒಂದು ಪುಟ್ಟ ಡಬ್ಬಿಯ ತುದಿಗೆ ಟೆಸ್ಟ್ ಬಲ್ಬಿನ ತಂತಿ ಮುಟ್ಟಿಸಿದರು. ಬಲ್ಬು ಮಿಣುಕದೆ ಒಂದೇ ಸಮನೆ ಉರಿಯಿತು. “ಸ್ಟೆಬಿಲೈಸರ್ ಹೋಗಿದೆ” ಎಂದರು. ಐದು ನಿಮಿಷದ ಪರೀಕ್ಷೆ.

ಆ ಡಬ್ಬಿ ಏನೆಂದು ನಮ್ಮ ಓದುಗರಿಗೆ ತಿಳಿಸಬೇಕು, ಏಕೆಂದರೆ ಇಡೀ ಅನ್ಯಾಯ ಅಡಗಿದ್ದುದು ಅದರಲ್ಲೇ. ಹಳೆಯ ಮಾದರಿಯ ಬಹುತೇಕ ಗಾಡಿಗಳಲ್ಲಿ ಡೀಸೆಲ್ ಮುಳ್ಳು, ಕಾವಿನ ಮುಳ್ಳು ಎರಡೂ ಬಿಸಿಯಿಂದ ಚಲಿಸುತ್ತವೆ. ಎರಡು ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ. ಅದರ ಸುತ್ತ ತೆಳು ತಂತಿ. ತಂತಿಯಲ್ಲಿ ವಿದ್ಯುತ್ ಹರಿದರೆ ಪಟ್ಟಿ ಕಾಯುತ್ತದೆ. ಎರಡು ಲೋಹ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ ಪಟ್ಟಿ ಬಾಗುತ್ತದೆ. ಬಾಗಿದಾಗ ಮುಳ್ಳನ್ನು ತಳ್ಳುತ್ತದೆ. ಟ್ಯಾಂಕಿನೊಳಗೆ ಒಂದು ತೇಲುಬುರುಡೆ ಇದೆ. ಡೀಸೆಲ್ ಏರಿದರೆ ಅದು ಏರಿ, ಅದಕ್ಕೆ ಜೋಡಿಸಿದ ಪ್ರತಿರೋಧವನ್ನು ತಗ್ಗಿಸುತ್ತದೆ, ವಿದ್ಯುತ್ ಹೆಚ್ಚು ಹರಿಯುತ್ತದೆ, ಮುಳ್ಳು ಏರುತ್ತದೆ. ಇಂಜಿನ್ನಿನ ಕಾವಿಗೂ ಇದೇ ಏರ್ಪಾಟು: ನೀರು ಕಾದಷ್ಟೂ ಅಲ್ಲಿನ ಪ್ರತಿರೋಧ ಕಡಿಮೆಯಾಗುತ್ತದೆ.

ಈ ಏರ್ಪಾಟು ಸತ್ಯ ಹೇಳಬೇಕಾದರೆ ಒಂದು ಷರತ್ತಿದೆ. ಅದಕ್ಕೆ ಕೊಡುವ ವೋಲ್ಟೇಜು ಏರುಪೇರಾಗಬಾರದು. ಇಂಜಿನ್ ನಿಂತಾಗ ಬ್ಯಾಟರಿಯಲ್ಲಿ ಸುಮಾರು ೧೨ ವೋಲ್ಟ್. ಓಡುವಾಗ ಆಲ್ಟರ್ನೇಟರ್ ಸುಮಾರು ೧೪ ವೋಲ್ಟ್ ಕೊಡುತ್ತದೆ. ಈ ಏರಿಳಿತ ಮುಳ್ಳಿಗೆ ತಟ್ಟದಂತೆ ಸರಾಸರಿ ಸುಮಾರು ೧೦ ವೋಲ್ಟಿಗೆ ಇಳಿಸಿ ಕೊಡುವುದೇ ಆ ಸ್ಟೆಬಿಲೈಸರ್ ಡಬ್ಬಿಯ ಕೆಲಸ. ಅದರೊಳಗೂ ಒಂದು ಲೋಹದ ಪಟ್ಟಿ ಕಾದು, ಆರಿ, ಸಂಪರ್ಕವನ್ನು ಕೂಡಿಸುತ್ತ ಬಿಡಿಸುತ್ತ ಇರುತ್ತದೆ. ಟೆಸ್ಟ್ ಬಲ್ಬು ಮಿಣುಕಬೇಕಾದದ್ದು ಅದಕ್ಕೇ. ನಮ್ಮ ಗಾಡಿಯಲ್ಲಿ ಆ ಸಂಪರ್ಕ ಅಂಟಿಕೊಂಡುಬಿಟ್ಟಿತ್ತು. ೧೦ ವೋಲ್ಟಿಗೆಂದು ಮಾಡಿದ ಮುಳ್ಳಿಗೆ ಸಂಜೆ ೧೪, ಬೆಳಗ್ಗೆ ೧೨ ಸಿಗುತ್ತಿತ್ತು.

ಈಗ ಎಂಟನೆಯ ತರಗತಿಯ ಲೆಕ್ಕ ಮಾಡೋಣ. ತಂತಿಯ ಬಿಸಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. ೧೪ರ ವರ್ಗ ೧೯೬. ೧೨ರ ವರ್ಗ ೧೪೪. ಎಂದರೆ ಒಂದು ಹನಿ ಡೀಸೆಲ್ ಖರ್ಚಾಗದಿದ್ದರೂ ಮುಳ್ಳಿನ ಏರಿಕೆ ಹತ್ತಿರ ಹತ್ತಿರ ನಾಲ್ಕನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಸಂಜೆ ಇಂಜಿನ್ ಓಡುತ್ತಿರುವಾಗ ಮುಕ್ಕಾಲು ತೋರಿಸಿದ್ದು, ಬೆಳಗ್ಗೆ ಇಂಜಿನ್ ಹಚ್ಚುವ ಮೊದಲು ಅರ್ಧದ ಹತ್ತಿರ ತೋರಿಸುತ್ತದೆ. ಸಾಲದ್ದಕ್ಕೆ, ಬಿಸಿಯಿಂದ ಚಲಿಸುವ ಮುಳ್ಳು ತನ್ನ ಜಾಗ ಸೇರಲು ಕೊಂಚ ಹೊತ್ತು ಹಿಡಿಯುತ್ತದೆ; ಕೀಲಿ ತಿರುಗಿಸಿದ ಕೂಡಲೇ ನೋಡಿದವನಿಗೆ ಇನ್ನೂ ಕಡಿಮೆಯೇ ಕಾಣುತ್ತದೆ. ಇದೇ ನಮ್ಮ ‘ರಾತ್ರಿ ಕಳ್ಳತನ’!

ಆ ಹುಡುಗ ಏನೆಂದಿದ್ದ? ಚಾಲೂ ಮಾಡಿದರೆ ಎಲ್ಲ ಮುಳ್ಳೂ ಏರುತ್ತವೆ, ಬಂದ್ ಮಾಡಿದರೆ ಇಳಿಯುತ್ತವೆ ಎಂದಿದ್ದ. ಡೀಸೆಲ್ ಕದ್ದರೆ ಡೀಸೆಲ್ ಮುಳ್ಳು ಇಳಿದೀತು. ಕಾವಿನ ಮುಳ್ಳೂ ಜೊತೆಗೇ ಏರಿಳಿಯುವುದೇಕೆ? ಎರಡು ಮುಳ್ಳುಗಳು ಒಟ್ಟಿಗೆ ಒಂದೇ ದಿಕ್ಕಿಗೆ ತಪ್ಪಿದರೆ ದೋಷ ಎರಡಕ್ಕೂ ಸಮಾನವಾದ ಜಾಗದಲ್ಲಿದೆ ಎಂಬುದು ತರ್ಕ. ಏಳನೆಯ ತರಗತಿಗೇ ಶಾಲೆ ಬಿಟ್ಟ ಹುಡುಗ ರೋಗದ ಲಕ್ಷಣವನ್ನು ಸರಿಯಾಗಿ ಹೇಳಿದ್ದ. ಪದವೀಧರನಾದ ನಾನು ಕೇಳಿಸಿಕೊಳ್ಳಲಿಲ್ಲ.

ಇನ್ನೂ ಒಂದು ಮಾತು. ಆ ಗಾಡಿಯ ಸ್ಪೀಡೋಮೀಟರ್ ಕೇಬಲ್ ತುಂಡಾಗಿ ವರ್ಷವೇ ಆಗಿತ್ತು. ಕಿಲೋಮೀಟರಿನ ಅಂಕಿಗಳು ಅಲುಗದೆ ನಿಂತಿದ್ದವು. ಅದೊಂದು ನಡೆಯುತ್ತಿದ್ದರೆ, ತಿಂಗಳಿಗೆ ಓಡಿದ ಕಿಲೋಮೀಟರನ್ನು ತುಂಬಿಸಿದ ಲೀಟರಿನಿಂದ ಭಾಗಿಸಿ, ಗಾಡಿ ಎಂದಿನಷ್ಟೇ ಕುಡಿಯುತ್ತಿದೆ, ಯಾರೂ ಕದ್ದಿಲ್ಲ ಎಂದು ಒಂದು ಚೀಟಿಯ ಮೇಲೆ ತೋರಿಸಬಹುದಿತ್ತು. ಒಂದು ಮೀಟರು ಸುಳ್ಳು ಸಾಕ್ಷಿ ಹೇಳಿತು. ಇನ್ನೊಂದು ಮೀಟರು ನಿಜ ಹೇಳಲಾರದೆ ಸತ್ತು ಬಿದ್ದಿತ್ತು. ಆ ಕೇಬಲ್ ಹಾಕಿಸುವುದು ಹಣದಂಡವೆಂದು ತಳ್ಳುತ್ತ ಬಂದವರು ನಾವೇ.

ಹಿರಿಯರೇ, ಈಗ ಹೇಳಿ, ಇದು ಬರಿಯ ಗಾಜು ಒರೆಸುವ ಪ್ರಶ್ನೆಯೇ?

ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂಬ ಗಾದೆಯನ್ನು ಈ ವಿಷಯದಲ್ಲಿ ನಾನು ಒಪ್ಪಲಾರೆ. ಸತ್ತ ಮೀಟರು ತನಗೆ ಗೊತ್ತಿಲ್ಲ ಎಂದಾದರೂ ಒಪ್ಪಿಕೊಳ್ಳುತ್ತದೆ. ಅರ್ಧ ಕೆಟ್ಟ ಮೀಟರು ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳುತ್ತದೆ. ಅದರ ಗಾಜು ಉಜ್ಜಿ, ಮುಳ್ಳಿಗೆ ಕೆಂಪು ಬಳಿದು, ಹಿಂದೆ ಪ್ರಖರವಾದ ಬಲ್ಬು ಹಾಕಿದಿರೆಂದರೆ ಸುಳ್ಳುಗಾರನಿಗೆ ಇಸ್ತ್ರಿ ಅಂಗಿ ತೊಡಿಸಿ ಸಾಕ್ಷಿಕಟ್ಟೆಗೆ ಕಳಿಸಿದ ಹಾಗೆ. ಮುಖ ತೊಳೆಯಬಾರದೆಂದು ನಾನು ಹೇಳುವುದಿಲ್ಲ. ಮಸುಕಾದ ಗಾಜಿನ ಹಿಂದಿನ ಸತ್ಯವೂ ಕಾಣದು. ಆದರೆ ಮೊದಲು ರಿಪೇರಿ, ಆಮೇಲೆ ಶೃಂಗಾರ.

ಈ ರೋಗ ಖಾಸಗಿ ಗಾಡಿಗಳಿಗಷ್ಟೇ ಸೀಮಿತವಲ್ಲ. ನನ್ನ ಇಷ್ಟು ವರ್ಷಗಳ ನೌಕರಿಯಲ್ಲಿ ವಾಹನದ ಲಾಗ್‌ಬುಕ್ ನನ್ನ ಮೇಜಿನ ಮೇಲೂ ಹಾದುಹೋಗಿದೆ. ‘ಮೀಟರ್ ಬಂದ್’ ಎಂದು ಬರೆದು, ದೂರವನ್ನು ಅಂದಾಜಿನಲ್ಲಿ ತುಂಬಿದ ಪುಟಗಳನ್ನು ತಿಂಗಳುಗಟ್ಟಲೆ ಕಂಡಿದ್ದೇನೆ. ಅವುಗಳ ಕೆಳಗೆ ನನ್ನ ಸಹಿಯೂ ಇದೆ. ಅಂಥ ಪುಟದಲ್ಲಿ ಪ್ರಾಮಾಣಿಕ ಚಾಲಕನೂ ಅಪ್ರಾಮಾಣಿಕ ಚಾಲಕನೂ ಒಂದೇ ಥರ ಕಾಣುತ್ತಾರೆ. ಕಳ್ಳನಿಗೆ ಅದು ರಕ್ಷೆ. ಸಾಚಾ ಮನುಷ್ಯನಿಗೆ ಅದು ಕುತ್ತಿಗೆಯ ಉರುಳು. ಮೀಟರು ಚಾಲಕನನ್ನು ಹಿಡಿಯಲು ಮಾತ್ರ ಇರುವುದೆಂದು ನಾವು ತಿಳಿದಿದ್ದೇವೆ. ಬಡವನನ್ನು ಬಿಡಿಸಲೂ ಅದೇ ಬೇಕು.

ಕಾನೂನು ಈ ಬಗ್ಗೆ ಸುಮ್ಮನಿಲ್ಲ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೧೧೭ನೆಯ ನಿಯಮ ವೇಗಮಾಪಕವನ್ನು ಕಡ್ಡಾಯ ಮಾಡಿದೆ. ಎಂಟು ವರ್ಷ ಮೀರಿದ ಸಾಗಣೆ ವಾಹನ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆಗೆ ನಿಲ್ಲಬೇಕು. ನಮ್ಮವರು ಮಾಡುವುದೇನು? ಪರೀಕ್ಷೆಯ ಹಿಂದಿನ ದಿನ ಕೇಬಲ್ ಹಾಕಿಸುವುದು, ಮುಂದಿನ ತಿಂಗಳು ತುಂಡಾದರೆ ಮುಂದಿನ ವರ್ಷದವರೆಗೆ ಬಿಡುವುದು. ಶ್ರಾದ್ಧದ ದಿನ ಮಾತ್ರ ಜನಿವಾರ ಹುಡುಕುವವರ ಹಾಗೆ! ಇನ್ನು ಮಾರುವಾಗ ಕಿಲೋಮೀಟರಿನ ಅಂಕಿಗಳನ್ನು ಹಿಂದಕ್ಕೆ ತಿರುಗಿಸುವವರ ಬಗ್ಗೆ ಹೇಳುವುದೇ ಬೇಡ. ಅದಕ್ಕೆ ರಿಪೇರಿ ಎಂಬ ಹೆಸರು ಸಲ್ಲದು, ಅದು ವಂಚನೆ.

“ಆದರೆ ಖರ್ಚು?” ಎನ್ನುತ್ತೀರಿ. ನಮ್ಮ ಗಾಡಿಗೆ ಆ ಎಲೆಕ್ಟ್ರಿಷಿಯನ್ ಹಳೆಯ ಡಬ್ಬಿಯ ಬದಲು ೧೦ ವೋಲ್ಟ್ ಕೊಡುವ ಮೂರು ಕಾಲಿನ ಒಂದು ಐ.ಸಿ.ಯನ್ನು, ಬಿಸಿ ಹೀರಿಕೊಳ್ಳಲು ಲೋಹದ ತುಂಡಿಗೆ ಬಿಗಿದು, ಕೂರಿಸಿದರು. ೭೮೧೦ ಎಂದು ಅದರ ಸಂಖ್ಯೆ. ಇಬ್ಬರು ಹೋಟೆಲಿನಲ್ಲಿ ಊಟ ಮಾಡುವಷ್ಟೂ ಖರ್ಚಾಗಲಿಲ್ಲ. ಇಡೀ ಡ್ಯಾಶ್‌ಬೋರ್ಡಿನ ಸೆಟ್ಟನ್ನೇ ಬದಲಿಸಿ ಎಂದು ಮೊದಲು ಬೇರೆ ಕಡೆ ಹೇಳಿದ್ದರು. ಹಾಗೆ ಮಾಡಿದ್ದರೆ ಹಲವು ಪಟ್ಟು ಹಣ ಹೋಗುತ್ತಿತ್ತು. ಸ್ಟೆಬಿಲೈಸರ್ ಸೆಟ್ಟಿನ ಹೊರಗಿದ್ದ ಗಾಡಿಯಾದ್ದರಿಂದ ರೋಗ ಅಲ್ಲೇ ಉಳಿಯುತ್ತಿತ್ತು. ಬಿಡಿಭಾಗ ಕೊಡದೆ ಇಡೀ ಸೆಟ್ಟನ್ನೇ ಮಾರುವ ಈ ಪದ್ಧತಿ ಗ್ರಾಹಕರಿಗೆ ಹೊರೆಯೆಂದು ಸರ್ಕಾರಕ್ಕೂ ತೋರಿರಬೇಕು. ರಿಪೇರಿಯ ಹಕ್ಕಿನ ಬಗ್ಗೆ ೨೦೨೨ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಸಮಿತಿ ರಚಿಸಿತು. ಅದು ಆರಿಸಿಕೊಂಡ ಕ್ಷೇತ್ರಗಳಲ್ಲಿ ಮೋಟಾರು ವಾಹನವೂ ಒಂದು. ಆದರೆ ಹಕ್ಕು ಕೇಳುವ ಗ್ರಾಹಕನಿಗೆ ರಿಪೇರಿಯಲ್ಲಿ ನಂಬಿಕೆ ಇರಬೇಕಲ್ಲ!

ಗಾಡಿ ಇರುವವರಿಗೆ ಕೆಲವು ಸಲಹೆಗಳು. ಒಂದೇ ಮುಳ್ಳು ತಪ್ಪಿದರೆ ಟ್ಯಾಂಕಿನ ತೇಲುಬುರುಡೆ, ಅದರ ತಂತಿ, ಅದರ ಅರ್ತಿಂಗ್ ನೋಡಿಸಿ. ತುಕ್ಕು ಹಿಡಿದ ಅರ್ತಿಂಗ್ ಪ್ರತಿರೋಧ ಹೆಚ್ಚಿಸಿ ಮುಳ್ಳನ್ನು ಕೆಳಕ್ಕೆಳೆಯುತ್ತದೆ. ತೂತು ಬಿದ್ದ ಬುರುಡೆ ಡೀಸೆಲಿನಲ್ಲಿ ಮುಳುಗಿ ತುಂಬಿದ ಟ್ಯಾಂಕನ್ನೂ ಖಾಲಿ ಎನ್ನುತ್ತದೆ. ಎರಡೂ ಮುಳ್ಳುಗಳು ಒಟ್ಟಿಗೆ ತಪ್ಪಿದರೆ ಸ್ಟೆಬಿಲೈಸರ್. ಸ್ಪೀಡೋಮೀಟರ್ ಮುಳ್ಳು ನಡುಗುತ್ತಿದ್ದರೆ ಕೇಬಲ್ಲಿಗೆ ಗ್ರೀಸು ಸಾಲದು ಅಥವಾ ಕೇಬಲ್ ಎಲ್ಲೋ ಮುರಿದು ಬಾಗಿದೆ. ಗ್ರೀಸು ಮಿತವಾಗಿರಲಿ, ಮೇಲಿನ ತುದಿಗೆ ಹಚ್ಚಲೇಬೇಡಿ. ಆ ಮೀಟರಿನೊಳಗೆ ತಿರುಗುವ ಅಯಸ್ಕಾಂತ ತನ್ನನ್ನು ಮುಟ್ಟದ ಅಲ್ಯೂಮಿನಿಯಂ ಬಟ್ಟಲನ್ನು ಸುಳಿವಿದ್ಯುತ್ತಿನಿಂದ ಎಳೆಯುತ್ತದೆ. ಒಟ್ಟೊ ಶುಲ್ಟ್ಸೆ ಎಂಬ ಜರ್ಮನ್ ಎಂಜಿನಿಯರ್ ೧೯೦೨ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಅಷ್ಟು ನಾಜೂಕಾದ ಜಾಗಕ್ಕೆ ಜಿಡ್ಡು ಏರಿದರೆ ಮೀಟರು ಕೆಟ್ಟಿತು. ಕಾಣುವ ಕೆಲಸಕ್ಕೆ ಬಂದರೆ, ಪ್ಲಾಸ್ಟಿಕ್ ಗಾಜನ್ನು ಪೆಟ್ರೋಲು ಥಿನ್ನರುಗಳಿಂದ ಒರೆಸಬೇಡಿ, ಮಂಜಾಗುತ್ತದೆ. ಹೆಚ್ಚು ವಾಟಿನ ಬಲ್ಬು ಹಾಕಬೇಡಿ, ಒಳಗಿನ ಪ್ಲಾಸ್ಟಿಕ್ ಸುಟ್ಟು ಕಂದುತ್ತದೆ. ಮುಳ್ಳನ್ನು ಕಿತ್ತು ಬಣ್ಣ ಹಚ್ಚಿ ಕಣ್ಣಳತೆಯಲ್ಲಿ ಮರಳಿ ಚುಚ್ಚಲು ಯಾರಿಗೂ ಬಿಡಬೇಡಿ. ಅಂದಿನಿಂದ ಅದರ ಮಾತಿಗೆ ಬೆಲೆಯಿಲ್ಲ.

ರಿಪೇರಿಯಾದ ಮೇಲೆ ಪರೀಕ್ಷಿಸಿ. ಟ್ಯಾಂಕಿಗೆ ಐದೈದು ಲೀಟರ್ ಹಾಕಿಸುತ್ತ ಮುಳ್ಳು ಎಲ್ಲಿ ನಿಂತಿತು ಎಂದು ಗುರುತು ಮಾಡಿಕೊಳ್ಳಿ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳಿಗೆ ಮೀಟರಿನ ಅಂಕಿ ಹೊಂದುತ್ತದೆಯೇ ನೋಡಿ. ಅಳತೆಯನ್ನೂ ಅಳೆಯಬೇಕೆಂಬ ಪಾಠ ನಮ್ಮ ನಾಗಪುರಕ್ಕೆ ಹೊಸದಲ್ಲ. ಸದರ್‌ನಿಂದ ಹೆಚ್ಚು ದೂರವಿಲ್ಲದ ಝೀರೋ ಮೈಲ್ ಕಂಬವನ್ನು ಊರಿಂದ ಬಂದ ನೆಂಟರಿಗೆಲ್ಲ ತೋರಿಸುತ್ತೇವಷ್ಟೆ. ಅದು ನೆನಪಿಸುವ ಭೂಮಾಪನದ ಮಹಾಕಾರ್ಯವನ್ನು ಹೂಡಿದ ವಿಲಿಯಂ ಲ್ಯಾಂಬ್ಟನ್ ತನ್ನ ಮೊದಲ ಆಧಾರರೇಖೆಯನ್ನು ೧೮೦೦ರಲ್ಲಿ ಅಳೆದದ್ದು ನಮ್ಮ ಬೆಂಗಳೂರಿನಲ್ಲಿ. ಮುಂದೆ ಮದರಾಸಿನಿಂದ ಅಳೆಯುತ್ತ ಬಂದಾಗ, ೧೮೦೪ರಲ್ಲಿ ಮತ್ತೆ ಬೆಂಗಳೂರಿನಲ್ಲಿ ನೆಲದ ಮೇಲೆ ಸರಪಣಿ ಎಳೆಸಿ ತನ್ನ ಲೆಕ್ಕ ಸರಿಯೇ ಎಂದು ತಾನೇ ಪರೀಕ್ಷಿಸಿದ. ಬಿಸಿಲಿಗೆ ಉಕ್ಕಿನ ಸರಪಣಿ ಹಿಗ್ಗುವುದನ್ನೂ ಲೆಕ್ಕಕ್ಕೆ ಹಿಡಿದ. ೧೮೨೩ರಲ್ಲಿ ಆತ ತೀರಿಕೊಂಡದ್ದು ನಮ್ಮ ಹತ್ತಿರದ ಹಿಂಗಣಘಾಟದಲ್ಲಿ. ಬೆಂಗಳೂರಿನಿಂದ ಈ ಸೀಮೆಗೆ ಬಂದ ಆ ಮನುಷ್ಯ ತನ್ನ ಸಲಕರಣೆಯನ್ನು ಕಣ್ಣುಮುಚ್ಚಿ ನಂಬಲಿಲ್ಲ. ನಾನು ನಂಬಿದೆ.

ಕೊನೆಯ ಆಕ್ಷೇಪಣೆಯೊಂದುಂಟು. ಹದಿನೈದು ವರ್ಷ ದಾಟಿದ ಗಾಡಿಯನ್ನು ಗುಜರಿಗೆ ಹಾಕುವ ಕಾಲವಿದು. ಸರ್ಕಾರಿ ವಾಹನಗಳಿಗಂತೂ ೨೦೨೩ರ ಏಪ್ರಿಲ್ ೧ರಿಂದ ಹದಿನೈದು ವರ್ಷದ ಮೇಲೆ ನೋಂದಣಿಯ ನವೀಕರಣವೇ ಇಲ್ಲ. ಹೀಗಿರುವಾಗ ಮುದಿ ಗಾಡಿಯ ಮೀಟರಿಗೆ ಇಷ್ಟು ರಾಮಾಯಣವೇಕೆ, ಎಂದು. ಹೊಗೆ ಉಗುಳುವ, ಬ್ರೇಕು ಹಿಡಿಯದ ಗಾಡಿಯನ್ನು ಉಳಿಸಿ ಎಂದು ನಾನು ಹೇಳುತ್ತಿಲ್ಲ. ಅದು ಗುಜರಿಗೇ ಹೋಗಲಿ. ಆದರೆ ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಫಿಟ್‌ನೆಸ್ ಪಡೆದ ಹಳೆಯ ಗಾಡಿ ನಾಳೆ ಬೆಳಗ್ಗೆಯೂ ಇಡ್ಲಿ ಹೊತ್ತು ಹೊರಡುತ್ತದೆ. ಮೇ ತಿಂಗಳಲ್ಲಿ ೪೫ ಡಿಗ್ರಿ ದಾಟುವ ನಮ್ಮೂರಿನಲ್ಲಿ ಕಾವಿನ ಮುಳ್ಳು ಸುಳ್ಳು ಹೇಳಿದರೆ ಇಂಜಿನ್ನೇ ಹೋದೀತು, ಒಂದು ಸಂಸಾರದ ಅನ್ನವೂ ಹೋದೀತು. ಓಡುವಷ್ಟು ದಿನ ಗಾಡಿ ನಿಜ ಹೇಳಬೇಕು. ಹೊಸ ಗಾಡಿ ಕೊಂಡವರೂ ನಗಬೇಕಾಗಿಲ್ಲ; ಅದರ ಪರದೆಯ ಮೇಲಿನ ಅಂಕಿಗೂ ಟ್ಯಾಂಕಿನೊಳಗಿನ ಬುರುಡೆಯೇ ಆಧಾರ.

ಸ್ಟೆಬಿಲೈಸರ್ ಸರಿಯಾದ ದಿನವೇ ನಾವು ಆ ಹುಡುಗನಿಗೆ ಫೋನ್ ಮಾಡಿದೆವು. ಹಿಡಿದುಕೊಂಡಿದ್ದ ಸಂಬಳವನ್ನು ಸ್ನೇಹಿತರು ಕಳಿಸಿಕೊಟ್ಟರು, ಮೇಲೆ ಒಂದಿಷ್ಟು ಸೇರಿಸಿ. ತಿರುಗಿ ಬಾ ಎಂದರು. ನಾನು ತಪ್ಪಾಯಿತಪ್ಪಾ ಎಂದೆ. ಅವನು, “ಆತು ಬಿಡ್ರೀ ಸಾಹೇಬ್ರ” ಎಂದಷ್ಟೇ ಹೇಳಿದ. ಮೇಲೆ ಸೇರಿಸಿದ ಹಣ ಹಿಂದಕ್ಕೆ ಬಂತು. ಅವನು ಬರಲಿಲ್ಲ.

ಇದರಿಂದ ನಮ್ಮ ಸಂಘಕ್ಕೆ ನನ್ನದೊಂದು ವಿನಂತಿ. ರಾಜ್ಯೋತ್ಸವಕ್ಕೆ ಪಾತ್ರೆ, ಶಾಮಿಯಾನ ಹೊರಲು ನಮ್ಮ ಸದಸ್ಯರ ನಾಲ್ಕೈದು ಪಿಕಪ್ಪುಗಳು ಪ್ರತಿವರ್ಷ ಬರುತ್ತವೆ. ಈ ಸಲ ಒಂದು ಭಾನುವಾರ ಮೊದಲೇ ಅವುಗಳನ್ನು ಒಂದು ಕಡೆ ನಿಲ್ಲಿಸಿ, ಆ ಗಲ್ಲಿಯ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಎಲ್ಲ ಗಾಡಿಗಳ ಮೀಟರುಗಳನ್ನೂ ತೋರಿಸೋಣ. ಅವರ ಕೂಲಿಯ ಅರ್ಧವನ್ನು ನಾನು ಕೊಡುತ್ತೇನೆ. ಉಳಿದರ್ಧ ಸಂಘದ ಜವಾಬ್ದಾರಿ. ಚಾಲಕರನ್ನೂ ಕರೆಯೋಣ. ಗಾಡಿಯ ಬಗ್ಗೆ ಅವರು ಏನು ಹೇಳುತ್ತಾರೋ ಅದನ್ನು ಮೊದಲು ಬರೆದುಕೊಳ್ಳೋಣ; ಮುಳ್ಳು ಏನು ಹೇಳುತ್ತದೆಂದು ಆಮೇಲೆ ನೋಡೋಣ. ನಮ್ಮ ಹಿರಿಯ ಸದಸ್ಯರು ತಮ್ಮ ಗಾಡಿಯನ್ನೇ ಮೊದಲು ತಂದು ನಿಲ್ಲಿಸುವರೆಂದು ನಂಬಿದ್ದೇನೆ.